ಸಾಹೇಬರ ಶಾಲಿಗೆ ಯಾವ ಬಣ್ಣದ ಪಟ್ಟಿ?

ಒಗೆದ ಮಗಳ ಯೂನಿಫಾರ್ಮನ್ನು ಬಾಲ್ಕನಿಯ ತಂತಿಗೆ ಹಾಕಿ ಮಗ್ದಲೀನ್ ಇನ್ನೂ ಕ್ಲಿಪ್ಪು ಸಿಕ್ಕಿಸಿರಲಿಲ್ಲ, ಬೆಲ್ಲು ಹೊಡೆಯಿತು.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಕೊಲ್ಲಿ ದೇಶದ ಖೈತಾನಿನ ಈ ಮೂರನೇ ಮಹಡಿಗೆ ಬರುವವನು ಒಬ್ಬನೇ. ಗೊತ್ತಿದ್ದೂ ಅವಳ ಎದೆ ಡವಡವ ಎಂದಿತು. ಛೀ, ಮೂವತ್ತಾರು ವರ್ಷಕ್ಕೆ ಇದೆಂಥ ಹುಚ್ಚು!

ಬಾಗಿಲಲ್ಲಿ ಜೋಕಿಮ್. ನಾಲ್ಕು ವರ್ಷದ ಹಿಂದೆ ತೀರಿಕೊಂಡ ಅವಳ ಗಂಡನ ಗೆಳೆಯ. ಅಹ್ಮದಿಯ ತೈಲ ಕಂಪನಿಯಲ್ಲಿ ಟೆಕ್ನಿಷಿಯನ್. ಮುಂದಿನ ಶುಕ್ರವಾರ ಸಂಜೆಯ ವಿಮಾನಕ್ಕೆ ಊರಿಗೆ ಹೊರಟವನು. ಶಿರ್ವದಲ್ಲಿ ತಾಯಿ ಹುಡುಗಿ ನೋಡಿಟ್ಟಿದ್ದಾರೆ.

ಆ ಸುದ್ದಿ ಚರ್ಚಿನ ಮೆಟ್ಟಿಲಲ್ಲಿ ಯಾರೋ ಹೇಳಿದ್ದು. ಅವನು ಹೇಳಿರಲಿಲ್ಲ... ಅವಳು ಕೇಳಿರಲೂ ಇಲ್ಲ.

"ಒಂದು ಕೆಲಸ ಉಂಟು ಮಗ್ದು. ಯಾರಿಗೂ ಹೇಳಬಾರದು."

ಅವನು ಪೊಟ್ಟಣ ಬಿಚ್ಚಿದ. ಬಿಳಿ ಉಣ್ಣೆಯ ದೊಡ್ಡ ಶಾಲು. ಅಂಚಿಗೆ ಕಪ್ಪು ಪಟ್ಟೆ, ನಾಲ್ಕು ಮೂಲೆಗೂ ಗಂಟು ಹಾಕಿದ ದಾರ. ಕೊರಳಿಗೆ ಬರುವ ಕಡೆ ಹೊಲಿದಿದ್ದ ಅಲಂಕಾರದ ಪಟ್ಟಿ ಮಾತ್ರ ಪೂರಾ ಸವೆದು ಹೋಗಿತ್ತು.

"ನಮ್ಮ ಅಮೇರಿಕನ್ ಇಂಜಿನಿಯರ್ ಲೆವಿನ್ ಸಾಹೇಬರದ್ದು. ಅವರು ಯಹೂದಿ, ಇಲ್ಲಿ ಅದು ಯಾರಿಗೂ ಗೊತ್ತಾಗಬಾರದು. ಬೆಳಿಗ್ಗೆ ರೂಮಿನ ಬಾಗಿಲು ಹಾಕಿಕೊಂಡು, ಇದನ್ನು ಹೊದ್ದು ಪ್ರಾರ್ಥನೆ ಮಾಡ್ತಾರೆ. ಮದುವೆಗೆ ಹೆಂಡತಿ ಕೊಟ್ಟ ಶಾಲಂತೆ. ಪಟ್ಟಿ ಹಳತಾದಾಗಲೆಲ್ಲ ಹೊಸ ಬಣ್ಣ ಆರಿಸುತ್ತಿದ್ದವರೂ ಆ ಹೆಂಗಸೇ. ಹೋದ ವರ್ಷ ತೀರಿಕೊಂಡರು. ಮೂಲೆಯ ದಾರ ಮುಟ್ಟಬಾರದು, ಉಣ್ಣೆಗೆ ಲಿನನ್ ಸೇರಿಸಬಾರದು. ಬಣ್ಣಕ್ಕೆ ಮಾತ್ರ ಕಟ್ಟಲೆ ಇಲ್ಲ. ಅದನ್ನು ನೀನೇ ಆರಿಸು."

"ನಾನಾ? ನನಗೆ ಗೊತ್ತಿರುವುದು ನಮ್ಮ ಪಾದ್ರಿಗಳ ಬಣ್ಣ ಮಾತ್ರ ಮಾರಾಯ್ರೇ!"

ಹೌದು, ಪೂಜೆಯ ಹೊತ್ತಿಗೆ ಪಾದ್ರಿಗಳು ಕೊರಳಿಗೆ ಹಾಕುವ ಉದ್ದನೆಯ ಪಟ್ಟಿ ಹೊಲಿಯುವವಳು ಅವಳೇ. ಹಬ್ಬಕ್ಕೆ ಬಿಳಿ, ಈಸ್ಟರಿಗೆ ಮುಂಚಿನ ತಪಸ್ಸಿಗೂ ಸಾವಿಗೂ ನೇರಳೆ. ಹೆಂಡತಿ ಸತ್ತವರಿಗೆ ಇನ್ಯಾವ ಬಣ್ಣ? ರೇಷ್ಮೆ ತುಂಡುಗಳ ಡಬ್ಬಿಯಿಂದ ಅವಳು ನೇರಳೆಯನ್ನೇ ತೆಗೆದಳು.

ಅವನ ಮುಖ ಸಣ್ಣಗಾಯಿತು. "ಸ್ವಲ್ಪ ಯೋಚಿಸು... ನನಗಾಗಿ ಆರಿಸುವುದಾದ್ರೆ ಯಾವುದು?"

"ನಿಮಗೆ ಶಿರ್ವದವಳು ಆರಿಸ್ತಾಳೆ ಬಿಡಿ!"

ಮಾತು ಬಾಯಿಂದ ಜಾರಿಯೇ ಹೋಯಿತು. ಅವನು ಚಪ್ಪಲಿ ಮೆಟ್ಟಿಕೊಂಡ.

ಒಳಕೋಣೆಯ ಬಾಗಿಲಲ್ಲಿ ಎಂಟು ವರ್ಷದ ಮಗಳು ಆಲಿವ್ ನಿಂತಿದ್ದಳು.

"ಮಮ್ಮಾ..."

"ಎಂತ?"

"ನಥಿಂಗ್."

ಈಚೆಗೆ ಹೀಗೇ. ಏನೋ ಕೇಳಲು ಬಾಯಿ ತೆರೆಯುವುದು, ನುಂಗಿಕೊಳ್ಳುವುದು.

* * *

ಬುಧವಾರ ಶಾಲು ಡ್ರೈವರ್ ಬಾವಾನ ಕೈಯಲ್ಲಿ ಅಹ್ಮದಿಗೆ ಹೋಯಿತು. ಶುಕ್ರವಾರ ಬೆಳಿಗ್ಗೆ ನೋಡಿದರೆ, ಅದೇ ಶಾಲು ಹಿಡಿದು ಜೋಕಿಮ್ ವಾಪಸು!

"ಹೊಲಿಗೆ ಸರಿ ಆಗಲಿಲ್ವಾ?" ಅವಳಿಗೆ ಅವಮಾನವಾಯಿತು.

"ಹೊಲಿಗೆಯನ್ನು ತುಂಬ ಹೊಗಳಿದರು. ಬಣ್ಣ ನೋಡಿ ಸುಮ್ಮನಾದರು."

"ಅವರ ದುಃಖಕ್ಕೆ ಅಂತಲೇ ನಾನು..."

"ಅದನ್ನೇ ಹೇಳಿದೆ. ದುಃಖ ಒಳಗೆ ಬೇಕಾದಷ್ಟುಂಟು, ಹೆಗಲ ಮೇಲೂ ಯಾಕೆ ಅಂದರು. ಮತ್ತೆ ಕೇಳಿದರು, 'ಜೋಕಿಮ್, ಇದನ್ನು ನಿಜವಾಗಿಯೂ ನಿನ್ನ ಹೆಂಡತಿಯೇ ಆರಿಸಿದ್ದಾ?' ಅಂತ."

ಮಗ್ದಲೀನ್ ಅವನ ಕೈಯ ಶಾಲಿನಿಂದ ಕಣ್ಣೆತ್ತಿದಳು. "ಯಾವ ಹೆಂಡತಿ?"

"ಶಾಲು ಕೊಡುವಾಗಲೇ ಹೇಳಿದ್ದರು. 'ಹೆಂಡತಿಯಾದವಳು ಗಂಡನಿಗೆ ಆರಿಸುವ ಹಾಗೆ ಆರಿಸಬೇಕು, ನಿನ್ನ ಹೆಂಡತಿಗೆ ಕೊಡು' ಅಂತ. ನನಗೆ ಮದುವೆ ಆಗಿದೆ ಅಂತಲೇ ಅವರ ಅಂದಾಜು. ಇಲ್ಲ ಸಾರ್ ಅನ್ನಬಹುದಿತ್ತು..." ಅವನು ಶಾಲನ್ನು ಅವಳ ಕೈಗಿಟ್ಟ. "ಅನ್ನಲಿಲ್ಲ. ಸೀದಾ ಇಲ್ಲಿಗೆ ಬಂದೆ."

ದೇವರೇ! ಈ ಮಾತಿಗಾಗಿ ಎಷ್ಟು ದಿನ ಕಾದಿದ್ದಳು! ಈಗ ಕಿವಿಗೆ ಬಿದ್ದರೆ ಬರೀ ಭಯ...

"ಆ ಶಿರ್ವದ ಹುಡುಗಿ?"

"ಅಮ್ಮ ನೋಡಿದ್ದು. ನಾನು ಹೂಂ ಅನ್ನಲಿಲ್ಲ. ಆದ್ರೆ ಇವತ್ತು ವಿಮಾನ ಹತ್ತಿದರೆ, ಹೂಂ ಅನ್ಲಿಕ್ಕೇ ಹೋದ ಹಾಗೆ."

ಅವಳು ಸಣ್ಣ ಕತ್ತರಿ ತೆಗೆದುಕೊಂಡು ನೇರಳೆ ಪಟ್ಟಿಯ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದಳು. ಡಬ್ಬಿಯಲ್ಲಿ ಕೈಯಾಡಿಸಿದಳು. ಕೆಂಪು, ಬಂಗಾರ, ನೀಲಿ... ತಲೆಯೆತ್ತಿ, ಬಿಸಿಲಿಗೆ ಕಂದಿದ ಅವನ ಕೊರಳನ್ನು ಒಂದು ಗಳಿಗೆ ನೋಡಿದಳು. ಕೈ ತಾನಾಗಿ ಹಸಿರು ತುಂಡನ್ನು ಎತ್ತಿತು.

"ಇದು ಯಾವುದಕ್ಕೆ?" ಅವನು ಮೆಲ್ಲನೆ ಕೇಳಿದ.

"ಹಬ್ಬವೂ ಇಲ್ಲದ, ಸಾವೂ ಇಲ್ಲದ ಮಾಮೂಲಿ ದಿನಗಳಿಗೆ ನಮ್ಮ ಪಾದ್ರಿಗಳು ಹಾಕುವ ಬಣ್ಣ. ಹೆಂಡತಿಯಾದವಳಿಗೆ..." ತುಂಡನ್ನು ಶಾಲಿನ ಅಂಚಿಗೆ ಹಿಡಿದಳು. "ಗಂಡನ ಜೊತೆ ಬೇಕಾದ್ದು ಇಂಥ ದಿನಗಳೇ ಅಲ್ವಾ?"

"ಮಗ್ದು..."

"ಬೇಡ ಜೋಕಿಮ್! ಗಂಡನ ಫ್ರೆಂಡ್ ಅಂತ ಮನೆಗೆ ಸೇರಿಸಿಕೊಂಡದ್ದು ಇದಕ್ಕೇನಾ ಅಂತ ಜನ ಬಾಯಿಗೆ ಬಂದ ಹಾಗೆ ಆಡ್ತಾರೆ. ಮಗುವಿಗೆ ನಾನು ಏನಂತ ಹೇಳಲಿ? ನೀವು ಹೊರಡಿ. ಶಾಲನ್ನು ಬಾವಾನ ಹತ್ತಿರ ಕಳಿಸ್ತೇನೆ."

ಅವನು ತಲೆ ತಗ್ಗಿಸಿ ಬಾಗಿಲ ಕಡೆ ತಿರುಗಿದ.

ಬಾಗಿಲಿಗೆ ಬೆನ್ನು ಕೊಟ್ಟು ಆಲಿವ್ ನಿಂತಿದ್ದಳು. ಅವಳ ಕಣ್ಣು ಅವನ ಮೇಲಿರಲಿಲ್ಲ, ತಾಯಿಯ ಮೇಲಿತ್ತು. ಯಾವಾಗಲೂ ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿ ಈ ಸಲ ಮನೆಯ ಕೊಂಕಣಿಯಲ್ಲೇ ಕೇಳಿದಳು.

"ಮಮ್ಮಾ, ಹೋದ ವರ್ಷ ಅಂಕಲ್ ಊರಿಗೆ ಹೋದಾಗ ನೀನು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು ಅಳ್ತಿದ್ದಿ ಅಲ್ವಾ... ಈ ಸಲವೂ ಅಳ್ಲಿಕ್ಕೇ ಅವರನ್ನು ಕಳಿಸುವುದಾ?"