ಅಳಲುಮಾಪಕಕ್ಕೆ ದುಂಡವ್ವ ಹೇಳಿದ್ದು

ಬಿರುಗಾಳಿ ನಿಂತ ಮರುದಿನ ಬೆಳಿಗ್ಗೆ ಗದಗಿನ ಹತ್ತಿಗಿರಣಿ ಓಣಿಗೆ ಅಳಲುಮಾಪಕ ಬಂತು. ತಂಬಿಗೆಯಷ್ಟು ದಪ್ಪ, ಮೇಲೆ ನಾಲ್ಕು ರೆಕ್ಕೆ, ಮುಂದೆ ಒಂದು ಹಸಿರು ದೀಪ. ಅದು ದುಂಡವ್ವನ ಬಾಗಿಲಲ್ಲಿ ಎದೆಮಟ್ಟಕ್ಕೆ ತೇಲುತ್ತ ನಿಂತು, ಶಾಲೆ ಕಲಿತ ಹುಡುಗಿಯ ದನಿಯಲ್ಲಿ ಕೇಳಿತು: "ನಮಸ್ಕಾರ. ಗಾಳಿಯಿಂದ ನಿಮಗಾದ ಹಾನಿಯನ್ನು ಹೇಳಿರಿ."

ದುಂಡವ್ವನ ಬೆನ್ನ ಹಿಂದೆ ಪಡಸಾಲೆಯಿತ್ತು. ಪಡಸಾಲೆಯ ಮೇಲೆ ತಗಡು ಇರಲಿಲ್ಲ, ಆಕಾಶವಿತ್ತು. ಅಂಗಳದಲ್ಲಿ ಗಂಡ ಚನ್ನವೀರಪ್ಪನ ಬಾಡಿಗೆ ಕಾರು, ಅದರ ಮೇಲೆ ಉದ್ದಕ್ಕೆ ಮಲಗಿದ ಬೇವಿನ ಮರ.

"ಏನೂ ಆಗಿಲ್ಲಪಾ. ಎಲ್ಲಾ ಚೊಲೊ ಐತಿ," ಎಂದಳು ದುಂಡವ್ವ.

"ಮನೆಗೆ?"

"ಛಂದ ಐತಿ."

"ವಾಹನಕ್ಕೆ?"

"ಗಿಡದ ನೆಳ್ಳಾಗ ನಿಂತೈತಿ ನೋಡು."

ದೀಪ ಮಿಣುಕಿತು. ಯಂತ್ರ ಪಕ್ಕದ ಮನೆಗೆ ಹೋಯಿತು.

ಈ ಯಂತ್ರದ ಬಗ್ಗೆ ಸ್ವಲ್ಪ ಹೇಳಲೇಬೇಕು. ಅದನ್ನು ಕಟ್ಟಿದವರು ಧಾರವಾಡದ ವಿಜ್ಞಾನಿ ಡಾ. ಮಂದಾಕಿನಿ ಅಂಗಡಿ. ಆ ಕಾಲಕ್ಕೆ ಮುರಿದ ಮನೆಗಳನ್ನು ದುರಸ್ತಿಯಿರುವೆಗಳು ಸರಿಮಾಡುತ್ತಿದ್ದವು. ಬೆರಳುದ್ದದ ಈ ಯಂತ್ರಗಳು ಸಾವಿರಗಟ್ಟಲೆ ಸಾಲುಹಿಡಿದು ಬಂದು ತಗಡು ಹೊಲಿದು, ಗೋಡೆ ಮೆತ್ತಿ, ನುಗ್ಗಾದ ಗಾಡಿಯನ್ನೂ ಎತ್ತಿ ನಿಲ್ಲಿಸುತ್ತಿದ್ದವು. ಆದರೆ ಇರುವೆಗಳು ಕಡಿಮೆ, ಮುರಿದ ಮನೆಗಳು ಹೆಚ್ಚು. ಮೊದಲು ಯಾರ ಮನೆ? ಕಣ್ಣಿಗೆ ಕಂಡದ್ದನ್ನು ನಂಬೋಣವೆಂದರೆ, ಹಳೆಯ ಗೋಡೆಯನ್ನು ತಾವೇ ಕೆಡವಿ "ಗಾಳಿಗೆ ಬಿತ್ತು" ಎನ್ನುವವರಿದ್ದರು. ಅದಕ್ಕೇ ಮಂದಾಕಿನಿ ಕಂಠವನ್ನು ನಂಬಿದರು. ದುಃಖದಲ್ಲಿ ಗಂಟಲು ಒಂದು ಬಗೆಯಲ್ಲಿ ನಡುಗುತ್ತದೆ. ಆ ಕಂಠಕಂಪವನ್ನು ಅಳೆದರೆ ಸುಳ್ಳು ಅಳು ಸಿಕ್ಕಿಬೀಳುತ್ತದೆ. ಗಾಳಿಯ ನಂತರದ ದಿನಗಳಲ್ಲಿ ಆಸ್ಪತ್ರೆಯ ಗಾಡಿಗಳೂ ಇದೇ ಸರದಿಯಲ್ಲಿ ಓಡುತ್ತಿದ್ದವು.

ಹಾನಿಯನ್ನು ಹಿಗ್ಗಿಸಿ ಹೇಳುವವರನ್ನು ಯಂತ್ರ ಹಿಡಿಯುತ್ತಿತ್ತು. ಮುಚ್ಚಿಡುವವರೂ ಇರುತ್ತಾರೆಂದು ಯಾರಿಗೂ ಹೊಳೆದಿರಲಿಲ್ಲ.

ದುಂಡವ್ವ ಮುಚ್ಚಿಟ್ಟಿದ್ದಕ್ಕೆ ಕಾರಣ ಒಳಕೋಣೆಯಲ್ಲಿ ಮಲಗಿತ್ತು. ಮಗಳು ಶೈಲಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು, ದಿನ ತುಂಬಿದ್ದವು. ಉಳಿದದ್ದು ಅದೊಂದೇ ಕೋಣೆಯ ಮಾಳಿಗೆ. ದಿನ ತುಂಬಿದವಳ ಕಿವಿಗೆ ಬೀಳುವಂತೆ "ಬಿತ್ತು, ಮುರೀತು, ಹೋತು" ಎಂದು ಬಾಯಿಂದ ಆಡಬಾರದು. ಇದು ಆ ಕಡೆಯ ರಿವಾಜು. ಅದಕ್ಕೇ ಯಂತ್ರ ಮನೆಯಿಂದ ಮನೆಗೆ ಹೋಗುವಾಗ ದುಂಡವ್ವ ಹಿಂದಿನಿಂದ ತುಟಿಗೆ ಬೆರಳಿಟ್ಟು ಸನ್ನೆ ಮಾಡಿದಳು. ಗೋಡೆ ಕಳಕೊಂಡವರು, ಅಟ್ಟ ಕಳಕೊಂಡವರು, ಓಣಿಗೆ ಓಣಿಯೇ ನಗುನಗುತ್ತ "ಚೊಲೊ ಐತಿ" ಎಂದಿತು.

ಯಂತ್ರ ಲೆಕ್ಕಹಾಕಿತು. ಇಷ್ಟು ಸುಖವಾಗಿರುವ ಓಣಿ ಇನ್ನೊಬ್ಬರಿಗೆ ಆಸರೆ ಕೊಡಬಲ್ಲದು ಎಂದು ತೀರ್ಮಾನಿಸಿತು. ಮಧ್ಯಾಹ್ನದ ಹೊತ್ತಿಗೆ ಬೆಟಗೇರಿ ಕಡೆಯಿಂದ ಒಂದು ಸಾಮಾನಿನ ಟೆಂಪೊ ಬಂದು ದುಂಡವ್ವನ ಬಾಗಿಲಲ್ಲಿ ನಿಂತಿತು. ಇಳಿದವರು ಅದನ್ನು ಓಡಿಸಿಕೊಂಡು ಬಂದ ಮೋದಿನಸಾಬ್, ಅವನ ಹೆಂಡತಿ ಹಸೀನಾ, ಎರಡು ಆಡು, ಒಂದಿಷ್ಟು ಪಾತ್ರೆ.

"ಅಕ್ಕಾರ, ನಮ್ಮ ಮನಿ ಪೂರಾ ಕುಂತ್ ಬಿಟ್ಟೈತ್ರಿ. ನಿಮ್ಮದು ಭಾಳ ಗಟ್ಟಿ ಮನಿ ಅಂತ ಇಲ್ಲಿಗೆ ಕಳಿಸ್ಯಾರ್ರೀ," ಎಂದ ಮೋದಿನಸಾಬ್ ಒಳಗೆ ಕಾಲಿಟ್ಟು ತಲೆಯೆತ್ತಿದ. "ತಗಡ ಎಲ್ಲೈತ್ರಿ?"

"ಶ್! ಮೆಲ್ಲಕ ಮಾತಾಡ್ರಿ. ಕುಂಡ್ರ್ರಿ, ಚಾ ಮಾಡ್ತೀನಿ."

ಹಸೀನಾ ಒಳಕೋಣೆಯತ್ತ ಒಮ್ಮೆ ನೋಡಿದಳು. ಬಿಡಿಸಿ ಹೇಳಬೇಕಾಗಲಿಲ್ಲ. "ಎಂಥಾ ಛಲೋ ಹವಾ ಬರತೈತಿ! ಮಸ್ತ್ ಮನಿ!" ಎಂದು ಗಟ್ಟಿಯಾಗಿ ಹೇಳಿ, ಗಂಡನ ಪಕ್ಕೆಗೆ ತಿವಿದಳು.

ಚಾ ಕುದಿಯುವ ಮೊದಲೇ ಶೈಲಾಗೆ ನೋವು ಶುರುವಾಯಿತು. ಚನ್ನವೀರಪ್ಪ ರೂಢಿಯಂತೆ ಕೀಲಿಕೈ ಹಿಡಿದು ಅಂಗಳಕ್ಕೆ ಓಡಿದವನು ಮರದ ಮುಂದೆ ನಿಂತುಬಿಟ್ಟ. ಆಸ್ಪತ್ರೆಗೆ ಫೋನ್ ಮಾಡಿದರೆ, "ನಿಮ್ಮ ಓಣಿ ಕೊನೆಯ ಸರದಿಯಲ್ಲಿದೆ" ಎಂಬ ಉತ್ತರ. ಅವನು ಕೀಲಿಕೈ ಹಿಡಿದೇ ಹೆಂಡತಿಯತ್ತ ತಿರುಗಿದ. "ಏ ದುಂಡಿ, ಈಗೇನ ಮಾಡೂದು?"

"ಟೆಂಪೊ ಐತಲ್ಲೋ ಅಣ್ಣಾ!" ಎಂದು ಮೋದಿನಸಾಬ್ ಆಗಲೇ ಪಾತ್ರೆ ಇಳಿಸುತ್ತಿದ್ದ. ಹಸೀನಾ ತನ್ನ ಕೌದಿಗಳನ್ನೆಲ್ಲ ಒಂದರ ಮೇಲೊಂದು ಹಾಸಿದಳು. ಶೈಲಾಳ ತಲೆ ತಾಯಿಯ ತೊಡೆಯ ಮೇಲೆ, ಕಾಲು ಹಸೀನಾಳ ತೊಡೆಯ ಮೇಲೆ. ಬಿದ್ದ ಗಿಡಗಳನ್ನು ಸುತ್ತುಹಾಕುತ್ತ, ಗುಂಡಿ ಕಂಡಲ್ಲೆಲ್ಲ ದೇವರನ್ನು ಕರೆಯುತ್ತ, ಟೆಂಪೊ ಆಸ್ಪತ್ರೆ ಮುಟ್ಟಿತು.

ಮರುದಿನ ಬೆಳಿಗ್ಗೆ ಬಾಣಂತಿಯ ಬಟ್ಟೆ ಒಯ್ಯಲು ದುಂಡವ್ವ ಮನೆಗೆ ಬಂದಾಗ, ಅಂಗಳದಲ್ಲಿ ಒಬ್ಬ ಹೆಂಗಸು ನಿಂತು ಕಾರನ್ನೂ ಮರವನ್ನೂ ನೋಡುತ್ತಿದ್ದರು. ಮಗ್ಗುಲಲ್ಲಿ ಅಳಲುಮಾಪಕ ತೇಲುತ್ತಿತ್ತು. ಇಡೀ ಜಿಲ್ಲೆಯ ನಕ್ಷೆಯಲ್ಲಿ ದುಃಖವೇ ಇಲ್ಲದ ಒಂದು ಓಣಿ ಕಂಡು, ಮಂದಾಕಿನಿ ತಾವೇ ಬಂದಿದ್ದರು.

"ಇದನ್ನ ಮಾಡಿದಾಕಿ ನಾನs ರೀ. ನೀವು ಏನೂ ಆಗಿಲ್ಲ ಅಂದ್ರಿ. ನಿಮ್ಮ ದನಿ ಒಂಚೂರೂ ನಡುಗಿಲ್ಲ. ಹೆಂಗ್ರಿ ಅದು?"

"ನಡುಗಿದ್ರ ಮಗಳಿಗೆ ಕೇಳಸ್ತಿತ್ತಲ್ರೀ," ಎಂದಳು ದುಂಡವ್ವ.

ಮಂದಾಕಿನಿ ಮೆಲ್ಲಗೆ, "ನನ್ನ ಯಂತ್ರ ನಂಬಿ ಆಸ್ಪತ್ರೆ ಗಾಡಿ ಬರಲಿಲ್ಲ. ಮಗಳು…?" ಎಂದರು.

"ಆರಾಮ ಅದಾಳ. ಹೆಣ್ಣ ಕೂಸು. ನಿಮ್ಮ ಯಂತ್ರನs ಟೆಂಪೊ ಕಳಿಸಿತ್ತಲ್ಲ!"

"ಅದು ತಪ್ಪಿ ಕಳಿಸಿದ್ದರೀ."

"ತಪ್ಪಿ ಬರಲಿ, ತಿಳದ ಬರಲಿ. ಬಂತಲ್ಲ."

ಮಂದಾಕಿನಿ ನಕ್ಕರು, ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಈಗರ ಹೇಳ್ರಿ. ಕೇಳಸ್ಕೊಳ್ಳಾಕ ಒಳಗ ಯಾರೂ ಇಲ್ಲಲ್ಲ."

ದುಂಡವ್ವ ಖಾಲಿ ಒಳಕೋಣೆಯತ್ತ ನೋಡಿದಳು. "ತಗಡ…" ಎಂದಳು. ಆಮೇಲೆ ಹೊಸ್ತಿಲ ಮೇಲೆ ಕುಸಿದು ಕುಳಿತು, ಎರಡು ದಿನ ನುಂಗಿದ್ದನ್ನೆಲ್ಲ ಒಮ್ಮೆಗೇ ಹೊರಗೆ ಹಾಕಿದಳು. ತಗಡು ಹಾರಿದ್ದು, ಜೋಳದ ಹಿಟ್ಟು ನೆನೆದು ಗಂಜಿಯಾದದ್ದು, ಗಂಡ ಮಗುವಿನಂತೆ ಒರೆಸಿ ಒರೆಸಿ ಇಟ್ಟುಕೊಂಡಿದ್ದ ಗಾಡಿ ಅಪ್ಪಚ್ಚಿಯಾದದ್ದು. ಅವಳ ಅಳು ಕೇಳಿ ಎದುರು ಮನೆಯ ಬಾಗಿಲು ತೆರೆಯಿತು. "ಇನ್ನ ಅಳಬಹುದೇನs ಯವ್ವಾ? ನಮ್ಮ ಅಟ್ಟನೂ ಹೋತs!" ಎಂದು ಅಲ್ಲೊಬ್ಬಳು ಶುರುಮಾಡಿದಳು. ಓಣಿಯ ತುಂಬ ಬಾಗಿಲುಗಳು ತೆರೆದವು. ಮಂದಾಕಿನಿ ದುಂಡವ್ವನ ಪಕ್ಕದಲ್ಲೇ ಹೊಸ್ತಿಲ ಮೇಲೆ ಕುಳಿತು ಅವಳ ಬೆನ್ನು ಸವರತೊಡಗಿದರು.

ಯಂತ್ರದ ದೀಪ ಕೆಂಪಾಯಿತು. "ದುರಸ್ತಿಯಿರುವೆಗಳು ಹೊರಟಿವೆ," ಎಂದಿತು. "ತಪ್ಪು ವಿಳಾಸಕ್ಕೆ ಬಂದಿರುವ ಅತಿಥಿಗಳನ್ನು ಬೇರೆಡೆಗೆ ಕಳುಹಿಸಲೇ?"

ದುಂಡವ್ವ ಮೂಗು ಒರೆಸಿಕೊಂಡು ತಲೆಯೆತ್ತಿದಳು. "ಹುಚ್ಚ ಅದೀ ಏನ? ಕೂಸಿಗೆ ಹೆಸರಿಡೂತನಕ ಹಸೀನಾ ಎಲ್ಲಿಗೂ ಹೋಗಂಗಿಲ್ಲ."