ಕೊಳವೆಗೆ ಬಡಿದ ಬಿರಡೆ

1978ರ ಫೆಬ್ರವರಿ 14, ಮಂಗಳವಾರ. ಬೆಳಿಗ್ಗೆ ಎಂಟೂವರೆಗೆ ಮೂರ್ತಪ್ಪನವರ ಜೀಪು ಹೊಸದುರ್ಗದ ಠಾಣೆಯ ಮುಂದೆ ನಿಂತಿತು. ಬಾಗೂರು ರಸ್ತೆಯಲ್ಲಿ ಡೈರಿ ನಡೆಸುತ್ತಿದ್ದ ಮೂರ್ತಪ್ಪ ಬೆಣ್ಣೆ, ತುಪ್ಪ ಮಾಡಿಸುತ್ತಿದ್ದರು. ಒಂದು ವರ್ಷದಿಂದ ಹಾಲು ಒಡೆಸಿ, ಗಟ್ಟಿಯನ್ನು ಒಣಗಿಸಿ, ಕೇಸಿನ್ ಪುಡಿ ಮಾಡಿ ಬೊಂಬಾಯಿಗೆ ಕಳಿಸುತ್ತಿದ್ದರು. ಒಳಗೆ ಬಂದವರು ಕುರ್ಚಿ ತೋರಿಸುವ ಮೊದಲೇ ಕುಳಿತರು.

"ಬರ್ಕಳ್ರಿ ಸಾಹೇಬ್ರೆ. ಮಾಳಗೊಂಡನಹಟ್ಟಿಯೋರು ನಮ್ಮ ಡೈರಿ ಕೊಳವೆಗೆ ಬಿರಡೆ ಬಡಿದವ್ರೆ. ಕುದಿಯೋ ಕಾಸ್ಟಿಕ್ ನೀರು ಹಿಂದಕ್ಕೆ ನುಗ್ಗಿ ನಮ್ಮ ಆಳಿನ ಕಾಲು ಬೆಂದು ಹೋಗಿದಾವೆ. ಕೊಲೆ ಯತ್ನ ಅಂತ ಹಾಕ್ರಿ."

ಇನ್‌ಸ್ಪೆಕ್ಟರ್ ಶಿವಕುಮಾರಪ್ಪ ಆ ಠಾಣೆಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ.

"ಹಟ್ಟಿಯೋರೇ ಅಂತ ಹೆಂಗೆ ಹೇಳ್ತೀರಿ? ಯಾರಾದ್ರೂ ನೋಡಿದಾರಾ?"

"ನೋಡಬೇಕೇನ್ರಿ? ಕುರಿ ಸತ್ವು ಅಂತ ಗೇಟಿಗೆ ಬಂದು ಬೈದು ಹೋಗಿದಾರೆ. ಅವರು ಬಿಟ್ರೆ ಇನ್ಯಾರು ಮಾಡ್ತಾರೆ?"

"ಕುರಿ ಯಾತಕ್ಕೆ ಸತ್ವು?"

"ರೋಗ ಬಂದಿರ್ತೈತೆ." ಮೂರ್ತಪ್ಪ ಗಡಿಯಾರ ನೋಡಿಕೊಂಡರು. "ಇವತ್ತು ದಾವಣಗೆರೆಯಿಂದ ದೊಡ್ಡ ಗಿರಾಕಿ ಬರ್ತಾ ಇದಾರೆ. ಬೇಗ ಮುಗಿಸ್ರಿ."

ಹೆಡ್ ಕಾನ್‌ಸ್ಟೇಬಲ್ ಲಾಲ್ ಸಾಬ್ ದೂರು ಬರೆದುಕೊಂಡರು. ಆಸ್ತಿ ಹಾನಿ ಮತ್ತು ಅಜಾಗರೂಕತೆಯಿಂದ ತೀವ್ರ ಗಾಯ ಎಂದು ಕಲಂ 427 ಮತ್ತು 338ರ ಅಡಿಯಲ್ಲಿ ಎಫ್‌ಐಆರ್ ದಾಖಲಾಯಿತು. ಕೊಲೆ ಯತ್ನ ಹಾಕಲಿಲ್ಲವೆಂದು ಮೂರ್ತಪ್ಪ ಮುಖ ಕೆಂಪಗೆ ಮಾಡಿಕೊಂಡು ಎದ್ದು ಹೋದರು.

ಶಿವಕುಮಾರಪ್ಪ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋದರು. ಗಾಯಾಳು ಅಜ್ಜಪ್ಪ, ಡೈರಿಯಲ್ಲಿ ಹಂಡೆ ತೊಳೆಯುವವನು. ಮೊಣಕಾಲಿನಿಂದ ಕೆಳಗೆ ಎರಡೂ ಕಾಲಿಗೆ ಬಟ್ಟೆ ಸುತ್ತಿದ್ದರು. ಅವನ ಹೆಂಡತಿ ಹುಚ್ಚಕ್ಕ ತಲೆದೆಸೆಯಲ್ಲಿ ಕುಳಿತು ಸೆರಗಿನಿಂದ ನೊಣ ಓಡಿಸುತ್ತಿದ್ದಳು. ಆಚೆ ಬಾಗಿಲಲ್ಲಿ ಅಂಗೈಗಳಿಗೆ ಮುಲಾಮು ಹಚ್ಚಿಸಿಕೊಂಡ ಮೂವತ್ತರ ಆಸುಪಾಸಿನ ಒಬ್ಬ ನಿಂತಿದ್ದ. ಅವನು ಡೈರಿಯ ಸೂಪರ್‌ವೈಸರ್ ಉಗ್ರಪ್ಪ ಎಂದೂ, ಅಜ್ಜಪ್ಪನನ್ನು ಎತ್ತಿಕೊಂಡು ಬಂದವನು ಅವನೇ ಎಂದೂ ಕಾನ್‌ಸ್ಟೇಬಲ್ ಮುದ್ದಣ್ಣ ತಿಳಿಸಿದ.

"ಏನಾತು ಹೇಳಪ್ಪ," ಎಂದರು ಇನ್‌ಸ್ಪೆಕ್ಟರ್.

ಅಜ್ಜಪ್ಪ ಹಲ್ಲು ಕಚ್ಚಿಕೊಂಡೇ ಹೇಳಿದ. "ಹಂಡೆ ತೊಳಿಯಾಕೆ ಕಾಸ್ಟಿಕ್ ಸೋಡಾ ಕುದಿಸ್ತೀವಿ ಸಾಮಿ. ತೊಳೆದಾದ ಮೇಲೆ ಮೋರಿಗೆ ಬಿಡೋದು. ಇವತ್ತು ಬಿಟ್ಟೆ, ಹೋಗ್ಲಿಲ್ಲ. ಬುಗ್ಗೆ ಎದ್ದಂಗೆ ವಾಪಸ್ ಬಂತು. ಜಾರಿ ಬಿದ್ದೆ."

"ದಿನಾ ಈ ಹೊತ್ತಿಗೇ ಬಿಡ್ತೀಯಾ?"

"ಇಲ್ರಿ. ಸಂಜಿಕೆ ಬಿಡೋದು. ಮುಂಜಾನೆ ಬರೀ ಒಡೆದ ಹಾಲಿನ ನೀರು ಹೋಗೋದು, ಅದು ತಣ್ಣಗಿರ್ತೈತೆ. ಇವತ್ತು ಯಾರೋ ನೋಡಾಕೆ ಬರ್ತಾರೆ, ಈಗ್ಲೇ ತೊಳಿ ಅಂತ ಮಾಲೀಕ್ರು ಮುಂಜಾನೆ ಬಂದು ಹೇಳಿದ್ರು."

"ಸೂಪರ್‌ವೈಸರಿಗೆ ಗೊತ್ತಿತ್ತಾ?"

"ಅವರಿನ್ನೂ ಬಂದಿರ್ಲಿಲ್ಲ. ನಾನು ಕಿರುಚಿದಾಗ ಗೇಟಿನ ಹತ್ರ ಇದ್ರು. ಓಡಿಬಂದು ಆ ನೀರಿಗೇ ಕೈ ಹಾಕಿ ಎತ್ತಿದ್ರು."

ಇನ್‌ಸ್ಪೆಕ್ಟರ್ ತಿರುಗಿ ನೋಡುವಷ್ಟರಲ್ಲಿ ಉಗ್ರಪ್ಪ ಬಾಗಿಲಲ್ಲಿ ಇರಲಿಲ್ಲ.

ಹತ್ತೂವರೆಗೆ ಡೈರಿಯಲ್ಲಿ ಸ್ಥಳ ಪಂಚನಾಮೆ ಶುರುವಾಯಿತು. ಪಂಚರು ಬಾಗೂರಿನ ಇಬ್ಬರು ಅಂಗಡಿಯವರು. ಮೂರ್ತಪ್ಪ ಕಾಂಪೌಂಡಿನ ಹಿಂದೆ ಕರೆದುಕೊಂಡು ಹೋಗಿ ಹಳ್ಳಕ್ಕೆ ಬಾಯಿ ಬಿಟ್ಟುಕೊಂಡಿದ್ದ ಸಿಮೆಂಟಿನ ಕೊಳವೆಯನ್ನು ತೋರಿಸಿದರು. ಹಳ್ಳದ ಹತ್ತಿರ ಹೋಗುತ್ತಿದ್ದಂತೆ ಪಂಚರಿಬ್ಬರೂ ಟವೆಲ್ಲನ್ನು ಮೂಗಿಗೆ ಒತ್ತಿಕೊಂಡರು. ನೀರಿನ ಮೇಲೆ ಬಿಳಿ ಕೆನೆ ಹೆಪ್ಪುಗಟ್ಟಿತ್ತು, ಅದರ ಕೆಳಗೆ ನೀರು ಇದ್ದಿಲಿನಂತೆ ಕಪ್ಪಗಿತ್ತು. ದಂಡೆಯ ಹೊಂಗೆ ಗಿಡಗಳು ಬುಡದಿಂದ ಒಣಗಿದ್ದವು. ತುಸು ಕೆಳಗೆ ಒಂದು ಕುರಿ ಹೊಟ್ಟೆ ಉಬ್ಬಿಸಿಕೊಂಡು ಸತ್ತು ಬಿದ್ದಿತ್ತು.

ಲಾಲ್ ಸಾಬ್ ಕೊಳವೆಯ ಬಾಯಿಗೆ ಕೋಲು ತೂರಿಸಿದರು. ಕೋಲು ಪೂರ್ತಿ ಒಳಗೆ ಹೋಯಿತು.

"ಸಾರ್, ಇಲ್ಲಿ ಬಿರಡೆ ಇಲ್ಲ."

"ಹಂಗಾದ್ರೆ ಒಳಗೆ ಐತೆ," ಎಂದರು ಶಿವಕುಮಾರಪ್ಪ. "ಕಾಂಪೌಂಡಿನಾಗೆ ಈ ಕೊಳವೆಗೆ ಚೇಂಬರ್ ಐತೇನ್ರಿ?"

ಮೂರ್ತಪ್ಪ ಗಡಿಯಾರ ನೋಡಿಕೊಂಡರು. ಮುದ್ದಣ್ಣ ಹುಡುಕಿದ. ಹೊಸ ಗೋಡೌನಿನ ಗೋಡೆಗೆ ಅಂಟಿಕೊಂಡಂತೆ ಕಬ್ಬಿಣದ ಮುಚ್ಚಳ ಇತ್ತು, ಅದಕ್ಕೆ ಬೀಗ ಇತ್ತು. ಬೀಗ ಮುರಿದಿರಲಿಲ್ಲ. ಮಾಲೀಕರ ಬೀಗದಕೈಯಿಂದ ತೆಗೆಸಿ ನೋಡಿದಾಗ, ಜಾಲಿ ಮರದ ದಪ್ಪ ಬಿರಡೆಯೊಂದು ಕರಿ ಕಂಬಳಿಯ ತುಂಡು ಸುತ್ತಿಕೊಂಡು ಕೊಳವೆಯೊಳಗೆ ಬಿಗಿಯಾಗಿ ಕೂತಿತ್ತು. ಅದನ್ನು ಕೀಳಲು ಇಬ್ಬರು ಬೇಕಾದರು.

"ನೋಡ್ರಿ, ಕಂಬಳಿ!" ಎಂದರು ಮೂರ್ತಪ್ಪ. "ಕುರಿಯೋರದೇ ಕೆಲಸ."

"ಈ ಬೀಗದಕೈ ಎಷ್ಟು ಜನರ ಹತ್ರ ಐತೆ?"

"ನನ್ನ ಹತ್ರ ಒಂದು. ಉಗ್ರಪ್ಪನ ಹತ್ರ ಒಂದು."

"ನಿನ್ನೆ ಸಂಜೆ ನೀವೆಲ್ಲಿದ್ರಿ?"

"ಚಿತ್ರದುರ್ಗದಾಗೆ, ತಂಗಿ ಮನೇಲಿ. ನನ್ನೇ ಕೇಳ್ತೀರೇನ್ರಿ?"

"ಎಲ್ಲರನ್ನೂ ಕೇಳ್ತೀನಿ." ಇನ್‌ಸ್ಪೆಕ್ಟರ್ ಗೋಡೌನಿನ ತಳಪಾಯ ನೋಡುತ್ತ ನಿಂತರು. ಮಣ್ಣು ಇನ್ನೂ ಕೂತಿರಲಿಲ್ಲ, ಗೋಡೆಯಲ್ಲಿ ಸಣ್ಣ ಬಿರುಕು ಬಿಟ್ಟಿತ್ತು. "ಇಲ್ಲಿ ಮೊದ್ಲು ಏನಿತ್ತು?"

"ಏನೋ ಗುಂಡಿ ಇದ್ವು. ಜಾಗ ದಂಡ ಆಗ್ತಿತ್ತು, ಮುಚ್ಚಿಸಿದೆ."

ಬಿರಡೆ, ಕಂಬಳಿ ತುಂಡು ಎರಡನ್ನೂ ಜಪ್ತು ಮಾಡಿ ಅರಗಿನ ಮುದ್ರೆ ಹಾಕಿದರು. ಅದರ ಜೊತೆಗೆ ಇನ್‌ಸ್ಪೆಕ್ಟರ್ ಹಳ್ಳದ ನೀರನ್ನೂ ಬಾಟಲಿಗಳಲ್ಲಿ ತುಂಬಿಸಿ ಮುದ್ರೆ ಹಾಕಿಸಿದರು. ಸತ್ತ ಕುರಿಯ ಮರಣೋತ್ತರ ಪರೀಕ್ಷೆಗೆ ಪಶುವೈದ್ಯರಿಗೆ ಹೇಳಿ ಕಳಿಸಿದರು.

"ಅದು ನನ್ನ ದೂರಿನಾಗೆ ಇಲ್ಲ," ಎಂದರು ಮೂರ್ತಪ್ಪ.

"ನನ್ನ ಕಣ್ಣಿಗೆ ಬಿದ್ದೈತೆ. ಸಾಕು."

ಮಾಳಗೊಂಡನಹಟ್ಟಿ ಹಳ್ಳದ ಕೆಳಗಿತ್ತು. ಪೊಲೀಸ್ ಜೀಪು ಕಂಡು ಹಟ್ಟಿಯ ಗಂಡಸರು ಚದುರಲಿಲ್ಲ, ಸಾಲಾಗಿ ನಿಂತರು. ಮುಂದೆ ಬಂದವನು ಕಾಟಲಿಂಗಪ್ಪ, ಹಟ್ಟಿಯ ಯಜಮಾನ.

"ಬರ್ರಿ ಸಾಹೇಬ್ರೆ. ನಾವು ಕೂಗಿದಾಗ ಬರ್ಲಿಲ್ಲ. ಅವನು ಕೂಗಿದ ತಕ್ಷಣ ಬಂದ್ರಿ."

"ಯಾವಾಗ ಕೂಗಿದ್ರಿ?"

"ದೀಪಾವಳಿ ಆದ್ಮೇಲೆ ಬಂದಿದ್ವಿ. ಕುರಿ ಸಾಯ್ತಾವೆ, ಕಟ್ಟೆ ನೀರು ಕುಡಿಯಂಗಿಲ್ಲ ಅಂದ್ವಿ. ಪಂಚಾಯ್ತಿಗೆ ಹೋಗ್ರಿ ಅಂದ್ರು. ಪಂಚಾಯ್ತಿಯೋರು ತಾಲ್ಲೂಕಿಗೆ ಹೋಗ್ರಿ ಅಂದ್ರು. ಅಲ್ಲಿಯೋರು ಡೈರಿಯೋರ್ನೇ ಕೇಳ್ರಿ ಅಂದ್ರು!"

ಲಾಲ್ ಸಾಬ್ ತಲೆ ತಗ್ಗಿಸಿ ಪೆನ್ಸಿಲ್ ಚೂಪು ಮಾಡತೊಡಗಿದರು.

"ನಿನ್ನೆ ಡೈರಿ ಕಡೆ ಯಾರಾದ್ರೂ ಹೋಗಿದ್ರಾ?"

ಗುಂಪಿನ ಹಿಂದಿನಿಂದ ಒಬ್ಬ ಮುದುಕಿ ಜನರನ್ನು ಸರಿಸಿಕೊಂಡು ಬಂದಳು. ಹೆಸರು ಪಾಲಮ್ಮ. "ಯಾತಕ್ಕೆ ಹೋಗಾನ? ಅಲ್ಲಿ ನಮ್ಮ ಮಾತು ಕೇಳೋರು ಯಾರವ್ರೆ? ಬಾ ಸಾಮಿ, ಇಲ್ಲಿ ನೋಡು ಬಾ."

ಆಕೆ ಇನ್‌ಸ್ಪೆಕ್ಟರರ ತೋಳು ಹಿಡಿದೇ ಕುರಿರೊಪ್ಪದ ಬಳಿ ಎಳೆದೊಯ್ದಳು. ರೊಪ್ಪದಲ್ಲಿ ನಾಲ್ಕು ಕುರಿ ಇದ್ದವು. ರೊಪ್ಪ ನೂರು ಕುರಿ ಹಿಡಿಯುವಷ್ಟು ದೊಡ್ಡದಿತ್ತು.

"ಬಾಯಿ ಹುಣ್ಣಾಗಿ ಸತ್ವು. ಕುರಿಗೆ ಬಾಯಿಲ್ಲ, ಹೇಳಾಕಾಗಲ್ಲ. ನಾನು ಹೇಳಿದೆ. ನನ್ನ ಮಗ ಅಲ್ಲೇ ದೊಡ್ಡ ಕೆಲಸದಾಗವ್ನೆ, ಅವನಿಗೂ ಹೇಳಿದೆ."

"ಯಾರು ನಿಮ್ಮ ಮಗ?"

"ಉಗ್ರಪ್ಪ."

ಅಲ್ಲಿಯವರೆಗೂ ಹಟ್ಟಿಯವರು ಅವನ ಹೆಸರೆತ್ತಿರಲಿಲ್ಲ. ಈಗ ಕಾಟಲಿಂಗಪ್ಪನ ಸಹನೆಯ ಕಟ್ಟೆಯೊಡೆಯಿತು. ಡೈರಿ ಕಟ್ಟುವಾಗ ಕೊಳವೆ ಹಾಯಬೇಕಿದ್ದದ್ದು ಕಾಟಲಿಂಗಪ್ಪನ ಹೊಲದಲ್ಲಿ. ಅವನು ಒಪ್ಪಿರಲಿಲ್ಲ. ಬೆಂಗಳೂರಿನಲ್ಲಿ ಡೈರಿ ಡಿಪ್ಲೊಮಾ ಓದಿ ಬಂದಿದ್ದ ಉಗ್ರಪ್ಪ ಹಟ್ಟಿಯ ಮುಂದೆ ನಿಂತು ಕೈ ಮುಗಿದಿದ್ದ. ಹೊಲಸು ನೀರು ಸೀದಾ ಹಳ್ಳಕ್ಕೆ ಬರುವುದಿಲ್ಲ, ಮೂರು ಗುಂಡಿಗಳಲ್ಲಿ ನಿಂತು ತಿಳಿಯಾಗಿ ಹುಲ್ಲಿನ ಹೊಲಕ್ಕೆ ಹಾಯುತ್ತದೆ, ಒಡೆದ ಹಾಲಿನ ನೀರನ್ನು ದನಕ್ಕೆ ಕುಡಿಸಲು ಹಟ್ಟಿಗೇ ಕೊಡುತ್ತೇವೆ, ಕೆಟ್ಟರೆ ನನ್ನನ್ನು ಕೇಳಿ ಎಂದಿದ್ದ. ಮೊದಲ ಎರಡು ವರ್ಷ ಹಾಗೇ ನಡೆಯಿತು. ಬೇಸಿಗೆಯಲ್ಲೂ ಹಸಿ ಹುಲ್ಲು ಸಿಕ್ಕಿತು. ಆಮೇಲೆ ಕೇಸಿನ್ ಬಂತು, ಗುಂಡಿಗಳು ಹೋದವು, ಹುಲ್ಲಿನ ಹೊಲದಲ್ಲಿ ಲಾರಿ ನಿಲ್ಲಿಸಿದರು.

"ಅವನ ಮಕ ನೋಡಿ ಹೊಲ ಬಿಟ್ಟೆ," ಎಂದ ಕಾಟಲಿಂಗಪ್ಪ. "ಈಗ ನನ್ನ ಮಕಕ್ಕೆ ಹಟ್ಟಿಯೋರೆಲ್ಲ ಉಗೀತವ್ರೆ."

ಶಿವಕುಮಾರಪ್ಪ ಹಟ್ಟಿಯಲ್ಲಿ ಯಾರ ಕಂಬಳಿಯನ್ನೂ ಜಪ್ತು ಮಾಡಲಿಲ್ಲ. ನೇರವಾಗಿ ಡೈರಿಗೆ ವಾಪಸ್ಸಾದರು. ಬಿರಡೆಗೆ ಸುತ್ತಿದ್ದ ತುಂಡಿನಲ್ಲಿ ಕುರಿರೊಪ್ಪದ ವಾಸನೆ ಇರಲಿಲ್ಲ, ಹುಳಿ ಹಾಲಿನ ವಾಸನೆ ಇತ್ತು. ಹಾಲಿನ ಕ್ಯಾನು ಬಿಸಿಲಿಗೆ ಕೆಡದಂತೆ ನೀರಲ್ಲಿ ನೆನೆಸಿದ ಕಂಬಳಿ ಹೊದಿಸುವುದು ಅಲ್ಲಿಯ ರೂಢಿ. ಕ್ಯಾನು ಇಡುವ ಕೋಣೆಯಲ್ಲಿ ಮುದ್ದಣ್ಣನಿಗೆ ಒಂದು ಅಂಚು ಕತ್ತರಿಸಿದ ಕಂಬಳಿ ಸಿಕ್ಕಿತು. ಪಂಚರ ಮುಂದೆ ತುಂಡನ್ನು ಅದರ ಪಕ್ಕ ಇಟ್ಟಾಗ ಅಂಚಿನ ಕೆಂಪು ಗೆರೆ ಗೆರೆಗೆ ಕೂಡಿಕೊಂಡಿತು. ಹಿಂದಿನ ಸಂಜೆ ಕೆಲಸದವರೆಲ್ಲ ಹೋದ ಮೇಲೆ ಒಳಗೆ ಉಳಿದಿದ್ದವನು ಉಗ್ರಪ್ಪ ಒಬ್ಬನೇ ಎಂದು ಗೇಟಿನ ಕಾವಲುಗಾರ ಹೇಳಿಕೆ ಕೊಟ್ಟ. ಮರ ಬಡಿಯುವ ಸದ್ದು ಅವನಿಗೆ ಕೇಳಿಸಿತ್ತು, ಏನೋ ರಿಪೇರಿ ಇರಬೇಕು ಎಂದುಕೊಂಡಿದ್ದ.

ಉಗ್ರಪ್ಪ ಸಿಕ್ಕಿದ್ದು ಮತ್ತೆ ಆಸ್ಪತ್ರೆಯಲ್ಲೇ. ಅಜ್ಜಪ್ಪನ ಮಂಚದ ಪಕ್ಕ ನಿಂತಿದ್ದ. ಸಂಜೆ ನಾಲ್ಕು ಗಂಟೆ.

"ಚೇಂಬರಿನ ಬೀಗದಕೈ ಕೊಡಪ್ಪ."

ಅವನು ಜೇಬಿನಿಂದ ತೆಗೆದು ಕೊಟ್ಟ. ಸುಟ್ಟ ಬೆರಳು ಮಡಚಲು ಬರುತ್ತಿರಲಿಲ್ಲ.

"ಬಿರಡೆ ಬಡಿದೋನು ನೀನೇನಾ?"

"ಹೌದು ಸಾರ್."

ಅಜ್ಜಪ್ಪ ತಲೆಯೆತ್ತಿದ. ಹುಚ್ಚಕ್ಕ ನೊಣ ಓಡಿಸುವುದನ್ನು ನಿಲ್ಲಿಸಿದಳು.

"ಯಾಕೆ?"

"ಮುಂಜಾನೆ ಒಡೆದ ನೀರು ಹಿಂದಕ್ಕೆ ಬಂದು ಮಾಲೀಕ್ರ ಅಂಗಳ ತುಂಬ್ಲಿ ಅಂತ. ಆ ಗಿರಾಕಿ ಮುಂದೆ ಅವರು ಒಂದು ದಿನ ಆ ವಾಸನೆ ಕುಡೀಲಿ ಅಂತ. ಕಾಸ್ಟಿಕ್ ಸಂಜಿಕೇನೇ ಬಿಡೋದು ಸಾರ್. ಅಷ್ಟೊತ್ತಿಗೆ ತೆಗೀತಿದ್ದೆ. ಮುಂಜಾನೆ ಬಿಡ್ತಾರೆ ಅಂತ..."

ಅವನ ಮಾತು ಮುಗಿಯಲಿಲ್ಲ. ಹುಚ್ಚಕ್ಕ ಎದ್ದವಳೇ ಅವನ ಕೆನ್ನೆಗೆ ಬಿಗಿದಳು. ಲಾಲ್ ಸಾಬ್ ಅಡ್ಡ ಹೋಗುವಷ್ಟರಲ್ಲಿ ಇನ್ನೊಂದು ಬಿಗಿದಳು.

"ಲೇ, ನಿನಗೆ ಸಿಟ್ಟು ಬಂದ್ರೆ ಅವನ ಮನಿಗೆ ಹೋಗಿ ಕೊಳ್ಳಪಟ್ಟಿ ಹಿಡೀಬೇಕಿತ್ತು! ಆ ನೀರಾಗೆ ದಿನಾ ಯಾರು ನಿಂತ್ಕಂತಾರೆ ಅಂತ ನಿನಗೆ ಗೊತ್ತಿರ್ಲಿಲ್ವೇನೋ? ಅಂಗಳಕ್ಕೆ ಬಂದ್ರೆ ಬಳಿಯೋನು ಯಾರೋ, ಮಾಲೀಕನೇನೋ? ನನ್ನ ಗಂಡ ತಾನೇ!"

ಉಗ್ರಪ್ಪ ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಇನ್‌ಸ್ಪೆಕ್ಟರೂ ಆಕೆಯನ್ನು ಗದರಲಿಲ್ಲ. ಆಕೆ ಹೇಳಿದ್ದರಲ್ಲಿ ಅಳಿಸಬಹುದಾದ ಒಂದು ಮಾತೂ ಅವರಿಗೆ ಕಾಣಲಿಲ್ಲ. ನಾಲ್ಕೂವರೆಗೆ ಆರೋಪಿಯನ್ನು ದಸ್ತಗಿರಿ ಮಾಡಿದರು. ಕೈ ಸುಟ್ಟಿದ್ದರಿಂದ ಕೋಳ ಹಾಕಲಿಲ್ಲ.

ಸುದ್ದಿ ತಿಳಿದ ಮೂರ್ತಪ್ಪ ಆ ಸಂಜೆಯೇ ಠಾಣೆಗೆ ಬಂದರು. "ಅನ್ನ ಹಾಕಿದ್ದೆ ಸಾಹೇಬ್ರೆ ಅವನಿಗೆ. ನಾಯಿ! ಅಂತೂ ಕೇಸು ಮುಗೀತಲ್ಲ?"

"ನಿಮ್ಮ ಕೇಸು ಮುಗೀತು. ನಿಮ್ಮ ಮೇಲಿನ ಕೇಸು ಈಗ ಶುರುವಾಗ್ತೈತೆ. ಕುಂತ್ಕಳ್ರಿ."

"ನನ್ನ ಮೇಲೆ ಯಾರು ದೂರು ಕೊಟ್ರು?"

"ನಾನೇ." ಶಿವಕುಮಾರಪ್ಪ ಮೇಜಿನ ಮೇಲಿದ್ದ ಹಳ್ಳದ ನೀರಿನ ಬಾಟಲಿಯನ್ನು ಅವರ ಮುಂದೆ ತಳ್ಳಿದರು. "ಕುರಿ ರೋಗದಿಂದ ಸತ್ವು ಅಂದ್ರಲ್ಲ, ಮುಚ್ಚಳ ತೆಗೀಲಾ? ಒಂದು ಗುಟುಕು ಕುಡೀತೀರಾ?"

ಮೂರ್ತಪ್ಪ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡರು.

"ನನ್ನ ಹತ್ರ ಅರವತ್ತು ಊರಿನ ಹಾಲು ಬರ್ತೈತೆ. ಡೈರಿ ನಿಂತ್ರೆ ಆ ಜನ ಏನು ಮಾಡ್ತಾರೆ?"

"ಡೈರಿ ನಿಲ್ಲಿಸ್ರಿ ಅಂತ ಹಟ್ಟಿಯೋರೂ ಹೇಳಿಲ್ಲ. ಗುಂಡಿ ತೋಡ್ರಿ ಅಂತಾರೆ. ಇದ್ದ ಗುಂಡಿನೇ ಮುಚ್ಚಿ ಅದರ ಮೇಲೆ ಮೂಟೆ ಇಟ್ಟೋರು ನೀವು. ಕುರಿ ಸತ್ವು, ಕಟ್ಟೆ ಕೆಟ್ಟಿತು, ಆಳಿನ ಕಾಲು ಬೆಂದ್ವು. ನಿಮ್ಮ ಗಿರಾಕಿ ಬಂದು ಪುಡಿ ನೋಡಿಕೊಂಡು ಹೋದ್ನಾ?"

ಮರಣೋತ್ತರ ಪರೀಕ್ಷೆಯಲ್ಲಿ ಕುರಿಯ ಬಾಯಿ, ಗಂಟಲು, ಹೊಟ್ಟೆ ಕಾಸ್ಟಿಕ್ಕಿನ ಕ್ಷಾರದಿಂದ ಸುಟ್ಟಿದ್ದು ಖಚಿತವಾಯಿತು. ಸಾರ್ವಜನಿಕ ನೀರು ಕೆಡಿಸಿದ್ದಕ್ಕೆ, ಪ್ರಾಣಿಗಳ ಸಾವಿಗೆ ಕಾರಣವಾದದ್ದಕ್ಕೆ ಮೂರ್ತಪ್ಪನವರ ಮೇಲೆ ಎರಡನೆಯ ಎಫ್‌ಐಆರ್ ಆಯಿತು. ನೀರು ಕೆಡಿಸಿದ್ದಕ್ಕೆ ಕಾನೂನಿನಲ್ಲಿ ಇರುವ ಶಿಕ್ಷೆ ಹೆಚ್ಚೆಂದರೆ ಮೂರು ತಿಂಗಳು, ಇಲ್ಲವೇ ಐನೂರು ರೂಪಾಯಿ ದಂಡ. ಅದನ್ನು ಓದಿದಾಗ ಶಿವಕುಮಾರಪ್ಪ ಪುಸ್ತಕವನ್ನು ಎಷ್ಟು ಜೋರಾಗಿ ಮುಚ್ಚಿದರೆಂದರೆ ಆಚೆ ಬಾಗಿಲಲ್ಲಿದ್ದ ಪಹರೆಯವನು ಒಳಗಿಣುಕಿದ. ಅವರು ಅಲ್ಲಿಗೇ ಬಿಡಲಿಲ್ಲ. ಸಾರ್ವಜನಿಕ ಉಪದ್ರವ ತಡೆಯುವ ಕಲಂ 133ರ ಅಡಿಯಲ್ಲಿ ಮ್ಯಾಜಿಸ್ಟ್ರೇಟರಿಗೆ ವರದಿ ಕೊಟ್ಟರು. ಗುಂಡಿ ತೋಡಿ ನೀರು ತಿಳಿಯಾಗಿಸುವವರೆಗೆ ಕೇಸಿನ್ ಕೆಲಸ ನಿಲ್ಲಬೇಕೆಂದು ಆದೇಶವಾಯಿತು. ಗೋಡೌನಿನ ಅರ್ಧ ಒಡೆಸಬೇಕಾಯಿತು. ಮೂರ್ತಪ್ಪ ಕೋರ್ಟಿನಲ್ಲಿ ದಂಡ ಕಟ್ಟಿ, ಅಲ್ಲೇ ಹೋಟೆಲಿನಲ್ಲಿ ಊಟ ಮಾಡಿ, ಜೀಪು ಹತ್ತಿ ಹೋದರು. ಅಜ್ಜಪ್ಪ ಕೋಲು ಹಿಡಿದು ನಡೆಯುವಂತಾದ. ಹಂಡೆ ತೊಳೆಯುವ ಕೆಲಸ ಮತ್ತೆ ಅವನಿಂದ ಆಗಲಿಲ್ಲ. ಉಗ್ರಪ್ಪ ತಪ್ಪೊಪ್ಪಿಕೊಂಡ. ಆರು ತಿಂಗಳ ಸಜೆಯಾಯಿತು.

ದಸ್ತಗಿರಿಯ ದಿನ ಆಸ್ಪತ್ರೆಯಿಂದ ಠಾಣೆಗೆ ಬರುವಾಗ ಇನ್‌ಸ್ಪೆಕ್ಟರ್ ಅವನನ್ನು ಒಂದು ಮಾತು ಕೇಳಿದ್ದರು. "ಮಾಲೀಕನ ಮೇಲೆ ಇಷ್ಟು ಸಿಟ್ಟಿದ್ರೆ ಕೆಲಸ ಬಿಡಬೋದಿತ್ತಲ್ಲಪ್ಪ?"

ಉಗ್ರಪ್ಪ ಸುಟ್ಟ ಅಂಗೈಗಳನ್ನು ಮೇಲೆ ಮಾಡಿ ತೊಡೆಯ ಮೇಲಿಟ್ಟುಕೊಂಡಿದ್ದ.

"ಗುಂಡಿ ಮುಚ್ಚಾಕೆ ಮಣ್ಣು ಹೊಡೆಸಿದೋನು ನಾನೇ ಸಾರ್. ಅವರು ಹೇಳಿದ್ರು, ನಾನು ನಿಂತು ಹೊಡೆಸಿದೆ. ಗಾಡಿಯೋರು ಬೇರೆ ಕೇಳಿದ್ರು, ಇದು ಹಟ್ಟಿಯೋರಿಗೆ ಹೇಳಿದ್ದ ಗುಂಡಿ ಅಲ್ವಾ ಅಂತ. ಸುಮ್ನೆ ಸುರೀರಿ ಅಂದೆ."