ಮುನ್ನೂರ ಹನ್ನೆರಡನೆಯ ಒಪ್ಪಿಗೆ

ಉಡಾವಣಾ ಕೇಂದ್ರದ ನಿಯಂತ್ರಣ ಕೋಣೆಯ ಗೋಡೆಯ ಮೇಲೆ ಮುನ್ನೂರ ಹನ್ನೊಂದು ಹಸಿರು ಚುಕ್ಕೆಗಳು ಹೊತ್ತಿಕೊಂಡಿದ್ದವು. ಒಂದು ಮಾತ್ರ ಹೊತ್ತಿರಲಿಲ್ಲ.

೨೦೬೧ರ ಫೆಬ್ರವರಿ, ಬೆಳಗಿನ ಒಂಬತ್ತು ಗಂಟೆ. ಅಂಕೋಲೆಯ ತೀರದಾಚೆ ಸಮುದ್ರದಲ್ಲಿ ಕಟ್ಟಿದ ಕಟ್ಟೆಯ ಮೇಲೆ ರಾಕೆಟ್ಟು ಇಂಧನಕ್ಕಾಗಿ ಕಾದು ನಿಂತಿತ್ತು. ಒಬ್ಬ ವೈದ್ಯೆಯನ್ನೂ ಇಬ್ಬರು ಚಾಲಕರನ್ನೂ ಅದು ಚಂದ್ರನಿಗೆ ಒಯ್ಯಬೇಕಿತ್ತು. ಅಲ್ಲಿಯ ನೆಲೆಯಲ್ಲಿ ತಿಪ್ಪೇಶ ಎಂಬ ಭೂವಿಜ್ಞಾನಿಯ ಕಾಲಿನ ಮೇಲೆ ಬಂಡೆ ಉರುಳಿ ಗಾಯ ಕೊಳೆಯತೊಡಗಿತ್ತು.

ಉರಿಯದ ಚುಕ್ಕೆ ಕಸ್ತೂರಿ ಕೊಣ್ಣೂರ ಅವರದು. ಗಜೇಂದ್ರಗಡದ ನೇಕಾರರ ಮನೆಯ ಹೆಣ್ಣುಮಗಳು. ಇಪ್ಪತ್ತೆರಡು ವರ್ಷಗಳಿಂದ ಇಲ್ಲಿ ಪ್ಯಾರಾಚೂಟು ಮಡಿಚುವ ಕೆಲಸ. ಬಾಹ್ಯಾಕಾಶದಿಂದ ಮರಳುವ ಕೋಶವನ್ನು ಕಡೆಯ ಗಳಿಗೆಯಲ್ಲಿ ನಿಧಾನಗೊಳಿಸಿ ಕಡಲಿಗೆ ಇಳಿಸುವುದು ಆಕೆ ಮಡಿಚಿಟ್ಟ ಬಟ್ಟೆಯೇ. ಈ ಸಲ ಹೊಸ ಬಗೆಯ ಬಟ್ಟೆ ಬಂದಿತ್ತು.

ಇಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರ ಮಣಿಕಟ್ಟಿನಲ್ಲೂ ಒಂದು ಪಟ್ಟಿ ಇತ್ತು. ರಾಕೆಟ್ಟನ್ನು ಹೊತ್ತಿಸುವ ರಹಸ್ಯ ಸಂಕೇತವನ್ನು ಮುನ್ನೂರ ಹನ್ನೆರಡು ತುಣುಕು ಮಾಡಿ ಒಂದೊಂದು ಪಟ್ಟಿಯಲ್ಲಿ ಒಂದೊಂದನ್ನು ಇಡಲಾಗಿತ್ತು. ತೊಟ್ಟವರು ‘ಒಪ್ಪಿದೆ’ ಎಂದರೆ ಮಾತ್ರ ಆ ತುಣುಕು ಬಿಡುಗಡೆಯಾಗಿ ಗೋಡೆಯ ಮೇಲೆ ಅವರ ಚುಕ್ಕೆ ಹೊತ್ತಿಕೊಳ್ಳುತ್ತಿತ್ತು. ಒಂದು ಕಡಿಮೆಯಾದರೂ ಸಂಕೇತ ಕೂಡುತ್ತಿರಲಿಲ್ಲ.

ಉಡಾವಣೆಯ ಮುಖ್ಯಸ್ಥ ಶ್ರೀನಿಧಿ ಆಚಾರ್ ತಾವೇ ಕಸ್ತೂರಿಯವರ ಬಳಿ ಬಂದು ನಿಂತರು. “ಏನು ತೊಂದರೆ, ಹೇಳಿ.”

“ಹೊಸಾ ಅರಿವಿ ಒಂದಕ್ಕೊಂದು ಹತ್ತತೈತ್ರಿ ಸರ. ಪದರ ಬಿಡಿಸಿದ್ರ ಚರ್ರ್ ಅಂತೈತಿ. ಹಳೇ ಅರಿವಿ ಹಂಗ ಅಂತಿದ್ದಿಲ್ಲ.”

“ಪರೀಕ್ಷೆಯಲ್ಲಿ ಮೂರು ಸಲ ಪಾಸಾಗಿದೆ.”

“ಇವತ್ತ ಮಡಿಚಿ ಇವತ್ತ ಬಿಚ್ಚಿದ್ರ ಬಿಚ್ಚತೈತ್ರಿ. ತಿಂಗಳಗಟ್ಟಲೆ ಒತ್ತಿ ಇಟ್ರ? ಹಸಿ ಹಪ್ಪಳ ಹತ್ತಿಕೊಂಡಂಗ ಆದ್ರ?”

ಶ್ರೀನಿಧಿಯವರು ಕೆಟ್ಟ ಮನುಷ್ಯರಲ್ಲ. ಹಿಂದಿನ ದಿನವಷ್ಟೇ ತಿಪ್ಪೇಶನ ಹೆಂಡತಿಯ ಜೊತೆ ಮಾತಾಡಿದ್ದರು. “ಅಲ್ಲಿ ಒಬ್ಬ ಮನುಷ್ಯ ಒದ್ದಾಡ್ತಿದ್ದಾನೆ, ಕಸ್ತೂರಿಯವರೇ. ದಿನ ಕಳೆದಷ್ಟೂ ಕಾಲು ಹೋಗುತ್ತೆ, ಆಮೇಲೆ ಜೀವ. ಬರೀ ಒಂದು ಸದ್ದಿಗಾಗಿ ನಿಲ್ಲಿಸಲಾ?”

ಸುತ್ತಲಿದ್ದವರೆಲ್ಲ ಆಕೆಯತ್ತ ನೋಡುತ್ತಿದ್ದರು. ಕಸ್ತೂರಿ ಸೆರಗಿನಿಂದ ಮುಖ ಒರೆಸಿಕೊಂಡರು. “ಆತ್ರಿ ಸರ. ಒಪ್ಪಿದೆ.”

ಚುಕ್ಕೆ ಹೊತ್ತಿಕೊಳ್ಳಲಿಲ್ಲ.

“ನಾ ಅಂದ್ನೆಲ್ರೀ!” ಆಕೆ ಗಾಬರಿಯಾದರು.

ಮೂಲೆಯಲ್ಲಿ ನಿಂತಿದ್ದ ಡಾ. ಜೀವಂಧರ ಬಲ್ಲಾಳರು ಮುಂದೆ ಬಂದರು. ಆ ಪಟ್ಟಿ ಅವರ ಸೃಷ್ಟಿ. “ಅಂದಿರಿ. ಆದರೆ ನಿಮಗೆ ಸಮಾಧಾನವಾಗಿಲ್ಲ. ಪಟ್ಟಿಗೆ ಅದು ತಿಳಿಯುತ್ತದೆ.”

ನಾಡಿಯ ಬಡಿತ, ಚರ್ಮದ ಬೆವರು, ದನಿಯ ಕಂಪನ, ಇವನ್ನೆಲ್ಲ ಪಟ್ಟಿ ವರ್ಷವಿಡೀ ಗಮನಿಸಿ ಆಯಾ ವ್ಯಕ್ತಿಯ ಸ್ವಭಾವ ಕಲಿತಿರುತ್ತಿತ್ತು. ಉಡಾವಣೆಯ ದಿನ ಎಲ್ಲರಿಗೂ ಇರುವ ತಳಮಳ ಬೇರೆ, ಬಾಯಿ ಮುಚ್ಚಿಸಿಕೊಂಡವರ ‘ಹೂಂ’ ಬೇರೆ. ಎರಡನ್ನೂ ಅದು ಬೇರೆಬೇರೆಯಾಗಿ ಗುರುತಿಸುತ್ತಿತ್ತು.

“ತೆಗೆದುಹಾಕಿ ಅದನ್ನ!” ಶ್ರೀನಿಧಿ ಕೂಗಿದರು. “ಹೊಣೆ ನನ್ನದು. ನಾನು ಸಹಿ ಮಾಡ್ತೀನಿ.”

“ಹಿಂದೆಯೂ ಸಹಿ ಮಾಡಿದವರು ಇದ್ದರಲ್ಲ ಸರ್,” ಎಂದರು ಜೀವಂಧರರು ಮೆಲ್ಲಗೆ.

ಅವರು ಹಳೆಯ ಬಾಹ್ಯಾಕಾಶ ಅಪಘಾತಗಳ ವಿಚಾರಣಾ ವರದಿಗಳನ್ನು ಆರು ವರ್ಷ ಓದಿದ್ದರು. ೧೯೮೬ರಲ್ಲಿ ಚಳಿಗೆ ರಾಕೆಟ್ಟಿನ ರಬ್ಬರಿನ ಉಂಗುರಗಳು ಗಡುಸಾಗುತ್ತವೆ ಎಂದು ಎಂಜಿನಿಯರುಗಳು ಹಿಂದಿನ ಸಂಜೆಯೇ ಎಚ್ಚರಿಸಿದ್ದರು; ಏಳು ಮಂದಿ ಹೋದರು. ೨೦೦೩ರಲ್ಲಿ ನೌಕೆಯ ರೆಕ್ಕೆಗೆ ಪೆಟ್ಟು ಬಿದ್ದಿರಬಹುದು, ಚಿತ್ರ ತೆಗೆಸಿ ಎಂದು ಕೆಲವರು ಕೇಳಿಕೊಂಡಿದ್ದರು. ಮತ್ತೆ ಏಳು ಮಂದಿ. ವರದಿಯ ಪುಟಗಳಲ್ಲಿ ಎಲ್ಲೋ ಒಂದು ಕಡೆ ಮೊದಲೇ ಅನುಮಾನಪಟ್ಟ ಒಬ್ಬರು ಸಿಗುತ್ತಿದ್ದರು. ಅನುಮಾನ ತೀರಿತೆಂದು ತೀರ್ಮಾನಿಸಿದವರು ಮಾತ್ರ ಬೇರೆಯವರು. ತೀರಿತೆಂದು ಅನುಮಾನಪಟ್ಟವರೇ ಹೇಳಬೇಕು ಎಂದು ಜೀವಂಧರರಿಗೆ ಹೊಳೆದದ್ದು ಅಲ್ಲಿ.

ಶ್ರೀನಿಧಿ ಕುರ್ಚಿಯಲ್ಲಿ ಕುಸಿದು ಕುಳಿತರು. ಕಸ್ತೂರಿಯವರತ್ತ ತಿರುಗಿ ಕೇಳಿದರು: “ಏನು ಮಾಡಿದರೆ ನಿಮಗೆ ಸಮಾಧಾನ?”

ಆಕೆ ಹೇಳಿದಂತೆ ಒತ್ತಿ ಮಡಿಚಿದ ಬಟ್ಟೆಯನ್ನು ಗಾಳಿಯಿಲ್ಲದ ಪೆಟ್ಟಿಗೆಯಲ್ಲಿಟ್ಟು, ಇಡೀ ಪಯಣದ ಬಿಸಿಯನ್ನೂ ಚಳಿಯನ್ನೂ ನಾಲ್ಕೇ ದಿನಗಳಲ್ಲಿ ಅದಕ್ಕೆ ಉಣಿಸಿದರು. ಐದನೆಯ ಬೆಳಿಗ್ಗೆ ಹೊರತೆಗೆದಾಗ ಪದರಗಳು ಒಂದಾಗಿದ್ದವು. ಚಂದ್ರನ ದೂಳು ಅಂಟದಿರಲೆಂದು ಬಟ್ಟೆಗೆ ಬಳಿದಿದ್ದ ಹೊಸ ಲೇಪವೇ ಮೆತ್ತಗಾಗಿ ಅಂಟಾಗಿತ್ತು. ಯಂತ್ರದಿಂದ ಎಳೆದಾಗ ಬಟ್ಟೆ ಬಿಚ್ಚಿಕೊಳ್ಳದೆ ಹರಿಯಿತು.

ಹಳೆಯ ಬಟ್ಟೆ ತರಿಸಿ ಕಸ್ತೂರಿ ಎರಡು ದಿನ ಕೂತು ಮಡಿಚಿದರು. ಏಳನೆಯ ದಿನ ಆಕೆ “ಒಪ್ಪಿದೆ” ಅಂದ ಕೂಡಲೇ ಚುಕ್ಕೆ ಹಸಿರಾಯಿತು.

ಏಪ್ರಿಲ್‌ನಲ್ಲಿ ನಾಲ್ವರನ್ನು ಹೊತ್ತ ಕೋಶ ಅರಬ್ಬಿ ಸಮುದ್ರದ ಮೇಲೆ ಮೂರು ಪ್ಯಾರಾಚೂಟು ಬಿಚ್ಚಿಕೊಂಡು ಇಳಿಯಿತು. ತಿಪ್ಪೇಶ ಬದುಕಿದ್ದ. ಆದರೆ ತಡವಾದ ಆ ವಾರದಲ್ಲಿ ಎಡಗಾಲಿನ ಮೂರು ಬೆರಳು ಹೋಗಿದ್ದವು.

ಜೂನ್‌ನಲ್ಲಿ ಅವನು ಕೋಲೂರಿಕೊಂಡು ಪ್ಯಾರಾಚೂಟು ಮಡಿಚುವ ಕೋಣೆಗೆ ಬಂದ. ಕಸ್ತೂರಿ ಅವನ ಕಾಲು ನೋಡಿ ತಲೆ ತಗ್ಗಿಸಿದರು.

“ನನ್ನಿಂದ ಹಿಂಗಾತಪ್ಪಾ.”

“ಅಕ್ಕಾ, ತಲೆ ಎತ್ತಿ,” ಎಂದು ತಿಪ್ಪೇಶ ಅವರೆದುರು ಬೆಂಚಿನ ಮೇಲೆ ಕುಳಿತ. “ಮೇಲಿದ್ದಾಗ ನಿಮ್ಮ ಮೇಲೆ ಸಿಟ್ಟು ಬಂದಿತ್ತು, ಸುಳ್ಳು ಹೇಳಲ್ಲ. ಬೈದೂ ಬೈದೆ. ಆಮೇಲೆ ಆ ಹರಿದ ಬಟ್ಟೆಯ ಚಿತ್ರ ಕಳಿಸಿದರು. ನಾವು ನಾಲ್ಕು ಜನ ಅದನ್ನ ಕೈಯಿಂದ ಕೈಗೆ ದಾಟಿಸಿ ನೋಡಿದ್ವಿ. ಕೆಳಗಿಳಿಯೋವಾಗ ಪ್ಯಾರಾಚೂಟು ಬಿಚ್ಚಿ ಜಗ್ಗಿದ ತಕ್ಷಣ ಡಾಕ್ಟರಮ್ಮ ನಿಮ್ಮ ಹೆಸರು ಹಿಡಿದು ಕೂಗಿದ್ರು. ಅದನ್ನ ಹೇಳಿ ಹೋಗಾಣ ಅಂತ ಬಂದೆ.”

ಕಸ್ತೂರಿ ಡಬ್ಬಿ ತೆರೆದು, ಮಧ್ಯಾಹ್ನಕ್ಕೆ ತಂದಿದ್ದ ರೊಟ್ಟಿಯಲ್ಲಿ ಎರಡನ್ನು ಅವನ ಕೈಗಿಟ್ಟರು.

ಆಮೇಲೆ ಆ ಪಟ್ಟಿ ಆಸ್ಪತ್ರೆಗಳ ಶಸ್ತ್ರಚಿಕಿತ್ಸೆಯ ಕೋಣೆಗಳಿಗೆ ಹೋಯಿತು. ಸೇತುವೆ ಕಟ್ಟುವವರ, ಅಣೆಕಟ್ಟಿನ ಬಾಗಿಲು ಕಾಯುವವರ ಕೈಗೂ ಬಂತು. ವಾರ್ಡಿನ ಆಯಾ, ಗಾರೆ ಕೆಲಸದವ, ಇಂಥವರ ಮಾತಿನಿಂದ ಉಳಿದ ಜೀವಗಳ ಸುದ್ದಿ ಆಗಾಗ ಕೇಳಿಬರುತ್ತಿತ್ತು.

ಐದನೆಯ ವರ್ಷ ಜೀವಂಧರರಿಗೆ ಒಂದು ವಿಚಿತ್ರ ಕಂಡಿತು. ಅಂಕೋಲೆಯಿಂದ ಬರುವ ಉಡಾವಣೆಯ ವರದಿಗಳಲ್ಲಿ ಪಟ್ಟಿ ತಡೆದ ಒಂದು ಪ್ರಸಂಗವೂ ಇರಲಿಲ್ಲ. ಉಪಕರಣ ಕೆಟ್ಟಿರಬೇಕೆಂದುಕೊಂಡು ನೋಡಲು ಹೊರಟರು.

ಅಲ್ಲಿ ಶ್ರೀನಿಧಿ ಇಂಧನದ ಕೊಳವೆ ಜೋಡಿಸುವ ಒಬ್ಬ ನಡುವಯಸ್ಸಿನವನ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತಿದ್ದರು. “ಆಗಿನಿಂದ ಏನೋ ಹೇಳಬೇಕು ಅಂತಿದ್ದೀರಿ. ಹೇಳಿ, ನನಗೇನೂ ಅವಸರ ಇಲ್ಲ,” ಎನ್ನುತ್ತಿದ್ದರು. ಇಬ್ಬರ ಮಣಿಕಟ್ಟೂ ಬರಿದಾಗಿತ್ತು.

“ಪಟ್ಟಿ ಎಲ್ಲಿ ಸರ್?”

ಶ್ರೀನಿಧಿ ಸ್ವಲ್ಪ ನಾಚಿದರು. “ಕಪಾಟಿನಲ್ಲಿದೆ. ಎಂಟು ತಿಂಗಳಾಯ್ತು. ಸಂಕೇತವನ್ನೂ ಒಂದು ಮಾಡಿಬಿಟ್ವಿ. ಚುಕ್ಕೆ ಎಲ್ಲಿ ಹೊತ್ತಲ್ವೋ ಅಂತ ಹೆದರಿ ಮೊದಮೊದಲು ಎಲ್ಲರನ್ನೂ ಕೇಳ್ತಿದ್ದೆ. ಆಮೇಲೆ ಕೇಳೋದೇ ರೂಢಿಯಾಯ್ತು. ಬೇಜಾರಾಯ್ತಾ ನಿಮಗೆ?”

ಜೀವಂಧರರು ಇಲ್ಲವೆಂದು ತಲೆಯಾಡಿಸಿದರು. ಅವರಿಗೆ ಸಂತೋಷವೇ ಆಗಿತ್ತು. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು ‘ಹೇಳಿ’ ಎನ್ನುವುದಕ್ಕೆ ಯಾವ ಯಂತ್ರವೂ ಬೇಕಿರಲಿಲ್ಲವಲ್ಲ, ಅದನ್ನು ೧೯೮೬ರಲ್ಲೂ ಮಾಡಬಹುದಿತ್ತು, ಯಾವ ವರ್ಷದ ಯಾವ ಬೆಳಿಗ್ಗೆಯಲ್ಲಾದರೂ ಮಾಡಬಹುದಿತ್ತು ಎಂದುಕೊಳ್ಳುತ್ತ, ಕೊಳವೆ ಜೋಡಿಸುವವನು ಏನು ಹೇಳುತ್ತಾನೋ ಕೇಳಲು ಅವರೂ ಒಂದು ಕುರ್ಚಿ ಎಳೆದುಕೊಂಡರು.